ಮಡ್‌ಗಾರ್ಡು ಅಂದ್ರೆ ಆಕ್ಸೆಸರಿ ಅಲ್ಲ ಸ್ವಾಮೀ

ಸೈಕಲ್ಲಿಗೆ ಮಡ್‌ಗಾರ್ಡು, ಕ್ಯಾರಿಯರ್ರು 'ಆಕ್ಸೆಸರಿ' ಆಗಿದ್ದು ಯಾವಾಗಿನಿಂದ? ಈ ಪ್ರಶ್ನೆ ಬಹಳ ದಿನದಿಂದ ತಲೆಯಲ್ಲಿ ಕೊರೀತಾ ಇದೆ. ಇವತ್ತು ಬರೆದೇ ಬಿಡೋಣ ಅಂತ ಕೂತಿದ್ದೀನಿ. ಸೈಕಲ್ಲಿನ ಗೊಡವೆಯೇ ಇಲ್ಲದವರೂ ಸ್ವಲ್ಪ ಓದಿ, ಆದಷ್ಟೂ ಬೋರ್ ಹೊಡೆಸದ ಹಾಗೆ ಹೇಳ್ತೀನಿ :-)

ನಮ್ಮಲ್ಲಿ ನಲವತ್ತು ದಾಟಿದವರಿಗೆ ಸೈಕಲ್ ಅಂದ ತಕ್ಷಣ ಕಣ್ಣ ಮುಂದೆ ಬರೋದು ಆ ಕಪ್ಪು ಬಣ್ಣದ ದೊಡ್ಡ ಸೈಕಲ್ಲು. ಅಟ್ಲಾಸೋ, ಹೀರೋನೋ, ಹರ್ಕ್ಯುಲಿಸ್ಸೋ ಯಾವುದೋ ಒಂದು. ಅಂಗಡಿಯಿಂದ ತರುವಾಗಲೇ ಅದಕ್ಕೆ ಎರಡು ಚಕ್ರಕ್ಕೂ ಪೂರಾ ಮಡ್‌ಗಾರ್ಡು, ಹಿಂದೆ ಸ್ಪ್ರಿಂಗ್ ಕ್ಲಿಪ್ಪಿನ ಕ್ಯಾರಿಯರ್, ಚೈನಿಗೆ ಕವರು, ಡಬಲ್ ಸ್ಟ್ಯಾಂಡು, ಬೆಲ್ಲು ಎಲ್ಲಾ ಇರ್ತಿತ್ತು. ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40 ಕಡ್ಡಿ. ಹಿಂದೆ ಯಾಕೆ ಜಾಸ್ತಿ ಅಂದ್ರೆ ಭಾರ ಬೀಳೋದು ಅಲ್ಲೇ. ಅಂದ್ರೆ ಈ ಸೈಕಲ್ಲಿನ ಹಿಂದೆ ಒಬ್ಬ ಮನುಷ್ಯನೋ, ಹಾಲಿನ ಕ್ಯಾನೋ, ಅಕ್ಕಿ ಮೂಟೆಯೋ ಇದ್ದೇ ಇರುತ್ತೆ ಅಂತ ಮಾಡಿದವನಿಗೆ ಮೊದಲೇ ಗೊತ್ತಿತ್ತು. ತೂಕ 20 ಕಿಲೋ ಮೇಲೆ. ಏರು ಬಂದ್ರೆ ಇಳಿದು ತಳ್ಳೋದೇ. ಆದ್ರೆ ಬಿಳಿ ಪಂಚೆ ಉಟ್ಟ ಮೇಷ್ಟ್ರು ಮಳೆಗಾಲದಲ್ಲೂ ಬಿಳಿ ಪಂಚೆಯಲ್ಲೇ ಸ್ಕೂಲು ತಲುಪ್ತಿದ್ರು.

2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡ್ತಲ್ಲ, ಆ ಸೈಕಲ್ಲುಗಳಿಗೂ ಮಡ್‌ಗಾರ್ಡು ಇತ್ತು, ಕ್ಯಾರಿಯರ್ ಇತ್ತು, ಹೆಣ್ಣುಮಕ್ಕಳ ಸೈಕಲ್ಲಿಗೆ ಮುಂದೆ ಬುಟ್ಟಿ ಇತ್ತು. ಅದರ ಗುಣಮಟ್ಟದ ಬಗ್ಗೆ ಎಷ್ಟೋ ದೂರು ಬಂತು, ಕೋವಿಡ್ ಹೊತ್ತಿಗೆ ಯೋಜನೆಯೇ ನಿಂತುಹೋಯ್ತು, ಅದು ಬೇರೆ ಮಾತು. ಆದ್ರೆ ಟೆಂಡರ್ ಕರೆದ ಗುಮಾಸ್ತನಿಗೂ ಗೊತ್ತಿತ್ತು, ಸ್ಕೂಲಿಗೆ ಹೋಗೋ ಹುಡುಗಿಗೆ ಯೂನಿಫಾರ್ಮು ಕೆಸರಾಗಬಾರದು, ಪುಸ್ತಕ ಇಡೋಕೆ ಜಾಗ ಬೇಕು ಅಂತ.

ಈಗ ಬೆಂಗಳೂರಿನ ಯಾವುದಾದರೂ ಗಾಜಿನ ಬಾಗಿಲಿನ ಸೈಕಲ್ ಶೋರೂಮಿಗೆ ಹೋಗಿ. ಬಾಗಿದ ಹ್ಯಾಂಡಲ್ಲಿನ ರೋಡ್ ಬೈಕು ಗೋಡೆಗೆ ನೇತಾಡ್ತಾ ಇರುತ್ತೆ. ಚೆಂದ ಅಂದ್ರೆ ಚೆಂದ. ಒಂದೇ ಕೈಯಲ್ಲಿ ಎತ್ತಬಹುದು. ಬೆಲೆ ನೋಡಿದ್ರೆ ಒಂದು ಸ್ಕೂಟರಿಗೆ ಕೊಡೋ ದುಡ್ಡು. ಅಷ್ಟು ಕೊಟ್ಟರೂ ಸ್ಟ್ಯಾಂಡಿಲ್ಲ, ಬೆಲ್ಲಿಲ್ಲ, ಮಡ್‌ಗಾರ್ಡಿಲ್ಲ, ಕ್ಯಾರಿಯರ್ರಿಲ್ಲ. ಕೆಲವಕ್ಕೆ ಪೆಡಲ್ಲೂ ಇರೋಲ್ಲ! ಸ್ಕೂಟರಿಗೆ ಸೀಟು ಬೇರೆ ತಗೊಳ್ಳಿ ಸಾರ್ ಅಂದ್ರೆ ನಾವು ಸುಮ್ನಿರ್ತೀವಾ? "ಮಡ್‌ಗಾರ್ಡ್ ಹಾಕಿಕೊಡ್ತೀರಾ" ಅಂತ ಒಂದು ಅಂಗಡಿಯಲ್ಲಿ ಕೇಳಿದ್ದಕ್ಕೆ ಅಲ್ಲಿದ್ದ ಹುಡುಗ ನನ್ನನ್ನ ಮೇಲಿಂದ ಕೆಳಗೆ ನೋಡಿ, "ರೋಡ್ ಬೈಕಿಗೆ ಯಾರೂ ಹಾಕಲ್ಲ ಸಾರ್, ಲುಕ್ ಹೋಗುತ್ತೆ" ಅಂದ. ಹೆಸರು ನೋಡಿದ್ರೆ ರೋಡ್ ಬೈಕು. ನಮ್ಮ ರೋಡು ಹೇಗಿರುತ್ತೆ ಅಂತ ಆ ಹುಡುಗನಿಗೆ ಗೊತ್ತಿಲ್ಲವೇ?

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಾನು ರೋಡ್ ಬೈಕಿನ ವಿರೋಧಿ ಅಲ್ಲ. ನಂದೂ ಅದೇ. ಹಗುರ, ಏರು ಹತ್ತುತ್ತೆ, ಹದಿನೈದು ಕಿಲೋಮೀಟರ್ ಆಫೀಸು ಅನ್ನೋದು ದೂರ ಅನ್ನಿಸೋಲ್ಲ. ಗುಡ್ಡದ ಬೆಂಗಳೂರಿಗೆ ಗೇರಿರೋ ಹಗುರ ಸೈಕಲ್ಲೇ ಸರಿ. ರೇಸ್ ಹೊಡೆಯೋರ ಮೇಲೂ ನನಗೆ ತಕರಾರಿಲ್ಲ. ವಿಜಯಪುರ, ಬಾಗಲಕೋಟೆ ಕಡೆ ಹುಡುಗ ಹುಡುಗಿಯರು ಹೊಲದ ಮನೆಗಳಿಂದ ಬಂದು ರಾಷ್ಟ್ರಮಟ್ಟದಲ್ಲಿ ಮೆಡಲ್ ಗೆಲ್ತಾರೆ. ಅವರ ಸೈಕಲ್ಲಿಗೆ ಮಡ್‌ಗಾರ್ಡು ಹಾಕಿ ಅಂತ ನಾನ್ಯಾಕೆ ಹೇಳಲಿ. ನನ್ನ ಮಾತೇನಿದ್ರೂ ರೋಡ್ ಬೈಕಿನಲ್ಲಿ ಕೆಲಸಕ್ಕೆ ಹೋಗೋರ ಬಗ್ಗೆ. ನೀವು ಸೈಕಲ್ಲಿನಲ್ಲಿ ಎಲ್ಲಿಗಾದರೂ ತಲುಪಬೇಕು, ತಲುಪಿದ ಮೇಲೆ ಅಲ್ಲಿ ಏನಾದರೂ ಮಾಡಬೇಕು ಅಂತಿದ್ರೆ, ಗೇರು ಟೈರುಗಳ ಬಗ್ಗೆ ತಲೆ ಕೆಡಿಸಿಕೊಳ್ಳೋ ಮೊದಲು ಮಡ್‌ಗಾರ್ಡು ಕ್ಯಾರಿಯರ್ ಹಾಕಿಸಿ.

ಯಾಕೆ ಅಂದ್ರೆ, ಮಳೆಗಾಲದಲ್ಲಿ ಸೈಕಲ್ ಬಿಟ್ಟವರೆಲ್ಲ ಮಳೆಗೆ ಹೆದರಿ ಬಿಟ್ಟವರಲ್ಲ. ಬೆಂಗಳೂರಿನ ಮಳೆ ಮಂಗಳೂರಿನ ಮಳೆ ಥರ ದಿನಗಟ್ಟಲೆ ಸುರಿಯೋದಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿದ್ರೆ ಇಲ್ಲಿ 1000ದ ಆಸುಪಾಸು. ಸಂಜೆ ಒಂದು ಗಂಟೆ ಧೋ ಅಂತ ಹೊಡೆದು ನಿಲ್ಲುತ್ತೆ. ಅರ್ಧ ಗಂಟೆ ಆಫೀಸಿನಲ್ಲೇ ಕಾಫಿ ಕುಡೀತಾ ಕಾದರೆ ಆಯ್ತು, ಆಕಾಶ ತೊಳೆದ ಹಾಗೆ ಇರುತ್ತೆ. ಆದ್ರೆ ರಸ್ತೆ? ರಸ್ತೆ ರಾತ್ರಿಯವರೆಗೂ ಒದ್ದೆ. ಅಂದ್ರೆ ನಿಮ್ಮನ್ನ ನೆನೆಸೋದು ಮೇಲಿನ ಮಳೆ ಅಲ್ಲ, ಕೆಳಗಿನ ನೀರು. ರೇನ್‌ಕೋಟು ಮೇಲಿನದಕ್ಕಾಯ್ತು, ಕೆಳಗಿಂದ ಬರೋದಕ್ಕೆ ಏನು ಮಾಡ್ತೀರಿ?

ಹಿಂದಿನ ಚಕ್ರದ ನೀರು ನೇರ ಬೆನ್ನಿಗೆ ಬರುತ್ತೆ. ಚಡ್ಡಿಯಿಂದ ಕತ್ತಿನವರೆಗೂ ಒಂದು ಕಂದು ಗೆರೆ. ಆ ಗೆರೆ ಎಲ್ಲರಿಗೂ ಕಾಣುತ್ತೆ, ಹಾಗಾಗಿ ಎಲ್ಲರೂ ಹಿಂದಿನ ಮಡ್‌ಗಾರ್ಡಿನ ಬಗ್ಗೆಯೇ ಮಾತಾಡ್ತಾರೆ. ನಿಜವಾದ ಕಿಡಿಗೇಡಿ ಮುಂದಿನ ಚಕ್ರ. ಅದು ಎರಡು ಕಡೆಗೆ ಎಸೆಯುತ್ತೆ. ಮೇಲಿನ ಭಾಗದಿಂದ ಹಾರಿದ ಹನಿ ಮುಂದಕ್ಕೆ ಹೋಗಿ, ಗಾಳಿಗೆ ನಿಧಾನವಾಗಿ, ನೀವು ಅದರೊಳಗೆ ಮುಖ ಕೊಟ್ಟು ನುಗ್ಗುತ್ತೀರಿ. ಹಿಂಭಾಗದಿಂದ ಹಾರಿದ್ದು ಸೀದಾ ನಿಮ್ಮ ಶೂಗೆ, ಫ್ರೇಮಿನ ಕೆಳಕೊಳವೆಗೆ, ಪೆಡಲಿನ ಬೇರಿಂಗಿಗೆ, ಚೈನಿಗೆ. ಬರೀ ನೀರಾಗಿದ್ರೆ ಒಣಗ್ತಿತ್ತು ಬಿಡಿ. ಅದರಲ್ಲಿ ಮರಳು ಇರುತ್ತೆ. ಎಣ್ಣೆ ಹಚ್ಚಿದ ಚೈನಿಗೆ ಮರಳು ಸೇರಿದ್ರೆ ಉಪ್ಪುಕಾಗದದಲ್ಲಿ ಉಜ್ಜಿದ ಹಾಗೇ ಲೆಕ್ಕ. ಮಳೆಗಾಲ ಮುಗಿಯೋ ಹೊತ್ತಿಗೆ ಚೈನ್ ಸವೆದು, ಹಿಂದಿನ ಹಲ್ಲುಚಕ್ರವನ್ನೂ ಜೊತೆಗೆ ತಿಂದಿರುತ್ತೆ. ಆ ಖರ್ಚಿಗಿಂತ ಮಡ್‌ಗಾರ್ಡೇ ಅಗ್ಗ.

ಇನ್ನೊಂದು ಹೇಳೋಕೆ ಹೇಸಿಗೆ, ಆದ್ರೂ ಹೇಳಬೇಕು. ಆ ನೀರು ಬರೀ ಮಳೆನೀರಲ್ಲ. ಮ್ಯಾನ್‌ಹೋಲ್ ಉಕ್ಕಿದ್ದು, ಚರಂಡಿ ತುಂಬಿದ್ದು, ಕಸದ ರಾಶಿಯ ಕೆಳಗಿಂದ ಹರಿದಿದ್ದು ಎಲ್ಲಾ ಅದರಲ್ಲೇ. 2022ರ ಸೆಪ್ಟೆಂಬರ್ ಮೊದಲ ವಾರ ಔಟರ್ ರಿಂಗ್ ರೋಡು ಕೆರೆಯಾಗಿದ್ದು ನೆನಪಿದೆಯಲ್ಲ, ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಹೋದ್ರು ಜನ. ಇಲಿ ಜ್ವರದ ರೋಗಾಣು ಇಲಿಯ ಮೂತ್ರ ಸೇರಿದ ನೀರಿನಿಂದ, ಗಾಯ ಆದ ಚರ್ಮದಿಂದ, ಕಣ್ಣು ಮೂಗು ಬಾಯಿಯಿಂದ ಒಳಗೆ ಹೋಗುತ್ತೆ. ಇನ್ನು ನಿಮ್ಮ ನೀರಿನ ಬಾಟಲಿ ಎಲ್ಲಿರುತ್ತೆ ಹೇಳಿ? ಅದೇ ಕೆಳಕೊಳವೆಯ ಮೇಲೆ, ಮುಂದಿನ ಚಕ್ರದ ಹಿಂದೆಯೇ. ಬಾಟಲಿಯ ಮೂತಿಗೆ ಏನು ಸಿಡಿದಿರುತ್ತೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಗೆಳೆಯನೊಬ್ಬ 2020ರಲ್ಲಿ, ಎಲ್ಲರೂ ಸೈಕಲ್ ಕೊಂಡ ಕಾಲದಲ್ಲಿ, ಒಳ್ಳೇ ರೋಡ್ ಬೈಕು ತಗೊಂಡ. ರಿಂಗ್ ರೋಡಿನ ಪಕ್ಕ ಸೈಕಲ್ ಲೇನ್ ಬೇರೆ ಮಾಡ್ತಿದ್ರು ಆಗ. ಆಫೀಸು ತೆರೆದ ಮೇಲೆ ಸೈಕಲ್ಲಿನಲ್ಲೇ ಹೋಗೋದು ಅಂತ ತೀರ್ಮಾನ. ಹೋದ ಕೂಡಾ. ಜೂನ್ ಬಂತು. ಒಂದು ದಿನ ಮೀಟಿಂಗಿಗೆ ಬೆನ್ನ ಮೇಲೆ ಗೆರೆ ಹೊತ್ತುಕೊಂಡು ಹೋಗಿ ನಾಲ್ಕು ಜನ ನಕ್ಕರು. ಮಾರನೇ ದಿನ ಕ್ಯಾಬು. ಈಗ ಆ ಸೈಕಲ್ಲು ಬಾಲ್ಕನಿಯಲ್ಲಿದೆ, ಅದರ ಮೇಲೆ ಟವಲ್ ಒಣಗುತ್ತೆ. ಅವನು ಸೋಮಾರಿ ಅಲ್ಲ, ಅವನಿಗೆ ಮಾರಿದ ಸೈಕಲ್ಲು ವರ್ಷದಲ್ಲಿ ನಾಲ್ಕೈದು ತಿಂಗಳು ಕೆಲಸಕ್ಕೆ ಬಾರದ್ದು ಅಷ್ಟೇ. ಇಂಥ ಸೈಕಲ್ಲುಗಳು ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಪಾರ್ಕಿಂಗಿನಲ್ಲಿ ಎಷ್ಟು ಧೂಳು ಹಿಡೀತಾ ನಿಂತಿವೆ, ನೀವೇ ಒಂದು ಸಲ ಕೆಳಗಿಳಿದು ನೋಡಿ.

ಅದೇ ಪಾರ್ಕಿಂಗಿನಲ್ಲಿ ಸೆಕ್ಯುರಿಟಿಯವರ ಸೈಕಲ್ಲೂ ಇರುತ್ತೆ. ಹಳೇದು, ತುಕ್ಕು ಹಿಡಿದಿದ್ದು. ಅದಕ್ಕೆ ಮಡ್‌ಗಾರ್ಡಿದೆ, ಕ್ಯಾರಿಯರಿಗೆ ಟಿಫಿನ್ ಬಾಕ್ಸು ಸಿಕ್ಕಿಸಿದೆ. ಅವರು ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ ಬಂದು ಅದೇ ಯೂನಿಫಾರ್ಮಿನಲ್ಲಿ ಹನ್ನೆರಡು ಗಂಟೆ ನಿಲ್ಲಬೇಕು. ಆಫೀಸಿನಲ್ಲಿ ಶವರು, ಲಾಕರು, ಬದಲಾಯಿಸೋಕೆ ಇನ್ನೊಂದು ಜೊತೆ ಬಟ್ಟೆ ಇರೋದು ನಮ್ಮಂಥ ಕೆಲವರಿಗೆ ಮಾತ್ರ. ಸೈಕಲ್ ತುಳಿಯೋಕೆ ಬೇರೆ ಬಟ್ಟೆ ಬೇಕು, ಬೇರೆ ಶೂ ಬೇಕು, ತಲುಪಿದ ಮೇಲೆ ಸ್ನಾನ ಬೇಕು ಅಂತ ಆದ ದಿನವೇ ಅದು ಎಲ್ಲರ ವಾಹನ ಅನ್ನೋದು ಹೋಯ್ತು. ಸೀರೆ, ಚೂಡಿದಾರ್ ಉಡೋ ಹೆಂಗಸರ ವಿಷಯ ಇನ್ನೂ ಸ್ಪಷ್ಟ. ಹಳೇ ಲೇಡೀಸ್ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಬಟ್ಟೆ ಸಿಕ್ಕದ ಹಾಗೆ ಜಾಲರಿ ಇರ್ತಿತ್ತು. ಅದನ್ನ ಯಾರು ಯಾಕೆ ತೆಗೆದರೋ.

ಮಜಾ ಏನು ಗೊತ್ತಾ, ಮಡ್‌ಗಾರ್ಡು ಹಾಕಿದ್ರೆ ಸೈಕಲ್ಲಿನ ಜಾತಿ ಕೆಡುತ್ತೆ ಅನ್ನೋ ಮಡಿ ರೇಸಿನ ಮೂಲದಲ್ಲೇ ಇರಲಿಲ್ಲ. ಇಂಗ್ಲೆಂಡಿನಲ್ಲಿ ಹಿಂದೆ ಕ್ಲಬ್ ರೇಸಿನವರು ಮನೆಯಿಂದ ರೇಸಿನ ಜಾಗಕ್ಕೆ ಸೈಕಲ್ಲಿನಲ್ಲೇ ಹೋಗ್ತಿದ್ರು, ಮಡ್‌ಗಾರ್ಡು ಹಾಕಿಕೊಂಡೇ. ರೇಸಿನ ಚಕ್ರಗಳನ್ನ ಹ್ಯಾಂಡಲ್ಲಿನ ಅಕ್ಕಪಕ್ಕ ಕಟ್ಟಿಕೊಂಡಿರ್ತಿದ್ರು. ಅಲ್ಲಿ ಹೋಗಿ ಮಡ್‌ಗಾರ್ಡು ಬಿಚ್ಚಿ, ಚಕ್ರ ಬದಲಾಯಿಸಿ, ರೇಸ್ ಹೊಡೆದು, ಮತ್ತೆ ಎಲ್ಲಾ ಹಾಕಿಕೊಂಡು ಮನೆಗೆ. ಫ್ರಾನ್ಸಿನಲ್ಲಿ ರೆನೆ ಹೆರ್ಸ್, ಅಲೆಕ್ಸ್ ಸಾಂಜೆ ಅಂಥ ಕುಶಲಕರ್ಮಿಗಳು ಮಾಡಿದ ದೂರಪ್ರಯಾಣದ ಸೈಕಲ್ಲುಗಳ ಫೋಟೋ ಹುಡುಕಿ ನೋಡಿ. ಹಗುರ ಅಂದ್ರೆ ಅಷ್ಟು ಹಗುರ, ಆದ್ರೆ ಅಲ್ಯೂಮಿನಿಯಂ ಮಡ್‌ಗಾರ್ಡು, ಕ್ಯಾರಿಯರ್, ದೀಪ ಎಲ್ಲವೂ ಫ್ರೇಮಿನ ಜೊತೆಗೇ ಹುಟ್ಟಿದ ಹಾಗಿರುತ್ತೆ. 2007ರ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಸವಾರಿಯಲ್ಲಿ, 1200 ಕಿಲೋಮೀಟರ್ ಅದು, ದಿನಗಟ್ಟಲೆ ಮಳೆ ಹೊಡೀತು. ಅಲ್ಲಿ ಮಡ್‌ಗಾರ್ಡು ಹಾಕಿಕೊಂಡು ಬಂದವರನ್ನ ನೋಡಿ ಯಾರೂ 'ಲುಕ್ ಹೋಯ್ತು' ಅಂದಿರಲಿಕ್ಕಿಲ್ಲ.

ಆಮೇಲೆ ಏನಾಯ್ತು ಅಂದ್ರೆ, ರೋಡ್ ಬೈಕಿನ ಫ್ರೇಮಿನಿಂದ ಮಡ್‌ಗಾರ್ಡು ಕಟ್ಟೋ ಎರಡು ಸಣ್ಣ ತೂತುಗಳೇ ಮಾಯ ಆದವು. ಹಿಂದಿನ ಆಕ್ಸೆಲ್ ಕೂರೋ ಜಾಗದ ಹತ್ತಿರ ಒಂದು ಕಿವಿಯ ಥರ ಇರುತ್ತೆ ನೋಡಿ, ಅದು. ಕೆಲವೇ ಗ್ರಾಂ ತೂಕ. ಅದನ್ನ ತೆಗೆದರೆ 'ಪ್ರೊ' ಥರ ಕಾಣುತ್ತೆ ಅಂತ ತೆಗೆದರು. ಜೊತೆಗೆ ಬ್ರೇಕು ಟೈರಿಗೆ ಅಂಟಿಕೊಂಡಂತೆ ಬಂತು. ಟೀವಿಯಲ್ಲಿ ಟೂರ್ ಡಿ ಫ್ರಾನ್ಸ್ ನೋಡಿ ಕೊಳ್ಳೋರಿಗೆ ಅದೇ ಬೇಕಿತ್ತು ಅಂತಲೂ ಅನ್ನಬಹುದು. ಆದ್ರೆ ಟೂರ್ ಡಿ ಫ್ರಾನ್ಸ್‌ನವರ ಹಿಂದೆ ಬಟ್ಟೆ, ಊಟ, ಬಿಡಿಭಾಗ ಹೊತ್ತ ಕಾರು ಬರುತ್ತೆ. ನಮ್ಮ ಹಿಂದೆ ಬರೋದು ಬಿಎಂಟಿಸಿ ಬಸ್ಸು.

ಸರಿ, ಈಗ ಹಾಕೋದು ಹೇಗೆ ಅನ್ನೋದಕ್ಕೆ ಬರ್ತೀನಿ. ಅಂಗಡಿಯವರು 'ಆಗಲ್ಲ' ಅಂದ ಬಹುಪಾಲು ಸೈಕಲ್ಲಿಗೆ ಆಗುತ್ತೆ.

ಮೊದಲು ಸೈಕಲ್ಲನ್ನ ತಲೆಕೆಳಗೆ ಮಾಡಿ ಆ ಕಿವಿಗಳು ಇವೆಯಾ ನೋಡಿ. ಹಿಂದಿನ ಆಕ್ಸೆಲ್ ಹತ್ತಿರ, ಮುಂದಿನ ಫೋರ್ಕಿನ ತುದಿಯಲ್ಲಿ, ಸೀಟಿನ ಕೆಳಗಿನ ಸಣ್ಣ ಕೊಳವೆಗಳ ಮೇಲ್ಭಾಗದಲ್ಲಿ. ಕೆಲವು ಕಂಪನಿಯವರು ಒಳಬದಿಯಲ್ಲಿ ಬಚ್ಚಿಟ್ಟು ಪ್ಲಾಸ್ಟಿಕ್ ಮುಚ್ಚಳ ಹಾಕಿರ್ತಾರೆ. ಸಾಮಾನ್ಯವಾಗಿ 5 ಮಿಲಿಮೀಟರ್ ಬೋಲ್ಟು, 4ರ ಅಲೆನ್ ಕೀ ಸಾಕು. ಇದ್ದರೆ ನಿಮ್ಮ ಪುಣ್ಯ, ಅರ್ಧ ದಿನದ ಕೆಲಸ.

ಆಮೇಲೆ ಟೈರಿಗೂ ಬ್ರೇಕಿಗೂ ನಡುವೆ ಎಷ್ಟು ಜಾಗ ಇದೆ ನೋಡಿ. ಇದೇ ಮುಖ್ಯ. ಹಳೇ ಥರದ ರಿಮ್ ಬ್ರೇಕಿನ ರೋಡ್ ಬೈಕಿನಲ್ಲಿ ಬ್ರೇಕಿನ ಬೋಲ್ಟಿನಿಂದ ಪ್ಯಾಡಿನವರೆಗಿನ ಅಳತೆ 39ರಿಂದ 49 ಮಿಲಿಮೀಟರ್. ಇದರಲ್ಲಿ 25ರ ಟೈರು ಕೂತ ಮೇಲೆ ಪೂರ್ತಿ ಮಡ್‌ಗಾರ್ಡಿಗೆ ಜಾಗ ಸಿಗೋದು ಕಷ್ಟ. 47ರಿಂದ 57ರ ಉದ್ದ ಬ್ರೇಕ್ ಇರೋ ಫ್ರೇಮಾದರೆ ಆರಾಮ. ಡಿಸ್ಕ್ ಬ್ರೇಕ್ ಬಂದ ಮೇಲೆ ಈ ತಲೆನೋವು ಬಹಳ ಕಡಿಮೆ ಆಯ್ತು, ಟೈರಿನ ಮೇಲೆ ಬ್ರೇಕೇ ಇರೋಲ್ಲವಲ್ಲ. ದೊಡ್ಡ ರೇಸುಗಳಲ್ಲಿ 2018ರಿಂದ ಡಿಸ್ಕಿಗೆ ಒಪ್ಪಿಗೆ ಸಿಕ್ಕಿತು, ಅದರ ಲಾಭ ಆಗಿದ್ದು ಆಫೀಸಿಗೆ ಹೋಗೋ ನಮಗೆ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಒಂದು ಸೆಂಟಿಮೀಟರ್ ಇದ್ದರೆ ಒಳ್ಳೇದು, ಅರ್ಧಕ್ಕಿಂತ ಕಮ್ಮಿ ಬೇಡ. ನಮ್ಮ ಕೆಂಪು ಮಣ್ಣು ಒಳಗೆ ಸಿಕ್ಕಿಕೊಂಡ್ರೆ ಚಕ್ರ ತಿರುಗೋಲ್ಲ. ಅಗಲ ಟೈರಿಗಿಂತ ಸುಮಾರು ಒಂದು ಸೆಂಟಿಮೀಟರ್ ಜಾಸ್ತಿ ಇರಲಿ. 25ರ ಟೈರಿಗೆ 35ರ ಮಡ್‌ಗಾರ್ಡು, 28ರಿಂದ ಮೇಲಿನ ಟೈರಿಗೆ 45ರದ್ದು.

ಜಾಗ ಇಲ್ಲ ಅಂದ್ರೆ? ಮಡ್‌ಗಾರ್ಡನ್ನ ಬ್ರೇಕಿನ ಹತ್ತಿರ ಕತ್ತರಿಸಿ ಎರಡು ತುಂಡು ಮಾಡಿ, ಬ್ರೇಕಿನ ಹಿಂದೊಂದು ಮುಂದೊಂದು ಕಟ್ಟಬಹುದು. ಹ್ಯಾಕ್ಸಾ ಬ್ಲೇಡು ಹಿಡಿಯೋಕೆ ಧೈರ್ಯ ಬೇಕಷ್ಟೆ. ಇಲ್ಲದಿದ್ರೆ ರಬ್ಬರ್ ಪಟ್ಟಿಯಲ್ಲಿ ಕಟ್ಟೋ ರೇಸ್ ಬೈಕಿನ ಮಡ್‌ಗಾರ್ಡು ಸಿಗುತ್ತೆ. ಏನೂ ಇಲ್ಲದ್ದಕ್ಕಿಂತ ವಾಸಿ, ಆದ್ರೆ ಅದು ಗಿಡ್ಡ, ಶೂ ನೆನೆಯುತ್ತೆ. ಸೀಟಿನ ಕೆಳಗೆ ಬಾತುಕೋಳಿ ಬಾಲದ ಥರ ಸಿಕ್ಕಿಸೋ ಪ್ಲಾಸ್ಟಿಕ್ ಒಂದಿದೆ. ಅದನ್ನ ಮಡ್‌ಗಾರ್ಡು ಅಂತ ಕರೆಯೋಕೆ ನನಗೆ ಮನಸ್ಸು ಬರೋಲ್ಲ.

ಕಿವಿ ಇಲ್ಲದ ಸ್ಟೀಲ್, ಅಲ್ಯೂಮಿನಿಯಂ ಫ್ರೇಮಿಗೆ ರಬ್ಬರ್ ಸುತ್ತಿದ 'ಪಿ' ಆಕಾರದ ಕ್ಲಿಪ್ಪು ಹಾಕಿ. ಬೈಕು ಕಾರುಗಳಲ್ಲಿ ಪೈಪು, ವೈರು ಹಿಡಿದಿಡೋಕೆ ಬಳಸ್ತಾರಲ್ಲ, ಅದೇ. ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿ, ಅಳತೆಗೆ ಫ್ರೇಮಿನ ಕೊಳವೆಯ ಸುತ್ತಳತೆಯನ್ನ ದಾರದಲ್ಲಿ ಹಿಡಿದುಕೊಂಡು ಹೋಗಿ. ಕಾರ್ಬನ್ ಫ್ರೇಮು, ಕಾರ್ಬನ್ ಫೋರ್ಕಿಗೆ ಮಾತ್ರ ಈ ಕ್ಲಿಪ್ಪು ಬೇಡವೇ ಬೇಡ. ಕಾರ್ಬನ್ ಒಂದೇ ಜಾಗದಲ್ಲಿ ಬಿಗಿದರೆ ಒಳಗೇ ಬಿರುಕು ಬಿಡುತ್ತೆ, ಹೊರಗೆ ಕಾಣೋದೇ ಇಲ್ಲ. ಅಲ್ಲಿ ರಬ್ಬರ್ ಪಟ್ಟಿಯದೇ ಗತಿ.

ಮುಂದಿನ ಮಡ್‌ಗಾರ್ಡು ಹಾಕುವಾಗ ಎರಡು ವಿಷಯ. ಒಂದು, ಅದರ ಕಂಬಿ ಫೋರ್ಕಿಗೆ ಸೇರೋ ಕಡೆ ಸುಮ್ಮನೆ ಎಳೆದರೆ ಕಿತ್ತು ಬರೋ ಪ್ಲಾಸ್ಟಿಕ್ ಕ್ಲಿಪ್ಪು ಇರೋದನ್ನೇ ತಗೊಳ್ಳಿ. ರಸ್ತೆಯ ಕಡ್ಡಿಯೋ ತಂತಿಯೋ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಸಿಕ್ಕಿದ್ರೆ ಮುಂದಿನ ಚಕ್ರ ಗಕ್ಕನೆ ನಿಂತು ನೀವು ಹ್ಯಾಂಡಲ್ ಮೇಲಿಂದ ಹಾರ್ತೀರಿ. ಆ ಕ್ಲಿಪ್ಪಿದ್ರೆ ಅದು ಕಳಚಿಕೊಂಡು ನಿಮ್ಮ ಹಲ್ಲು ಉಳಿಯುತ್ತೆ. ಇನ್ನೊಂದು, ರೋಡ್ ಬೈಕಿನಲ್ಲಿ ಪೆಡಲಿನಲ್ಲಿರೋ ಕಾಲ್ಬೆರಳು ತಿರುವಿನಲ್ಲಿ ಮುಂದಿನ ಚಕ್ರಕ್ಕೆ ಮೊದಲೇ ಹತ್ತಿರ. ಮಡ್‌ಗಾರ್ಡು ಬಂದ ಮೇಲೆ ಇನ್ನೂ ಹತ್ತಿರ. ವೇಗದಲ್ಲಿ ಹೋಗುವಾಗ ಹ್ಯಾಂಡಲ್ ಅಷ್ಟು ತಿರುಗಲ್ಲ, ತೊಂದರೆ ಇಲ್ಲ. ಸಿಗ್ನಲ್ಲಿನಲ್ಲಿ ಆಟೋಗಳ ನಡುವೆ ನುಸುಳುವಾಗ, ಯೂ ಟರ್ನ್ ಹೊಡೆಯುವಾಗ ಜೋಪಾನ. ಎಲ್ಲಾ ಕೂರಿಸಿ ಟೈರಿನ ಸುತ್ತ ಒಂದೇ ಸಮ ಸಂದು ಇದೆ ಅಂತ ಆದಮೇಲೆ ಉಳಿದ ಕಂಬಿಯನ್ನ ಕತ್ತರಿಸಿ, ತುದಿಗೆ ರಬ್ಬರ್ ಟೋಪಿ ಹಾಕಿ. ಹಾಗೇ ಬಿಟ್ಟರೆ ಮೀನಖಂಡಕ್ಕೆ ಚುಚ್ಚುತ್ತೆ.

ಇನ್ನು ಕ್ಯಾರಿಯರ್, ಈಗಿನವರ ಭಾಷೆಯಲ್ಲಿ ರ‍್ಯಾಕು. ಇದಕ್ಕೆ ನನ್ನ ಮಾತು ಕೇಳಿ, ಮಡ್‌ಗಾರ್ಡಿಗಿಂತ ದೊಡ್ಡ ಸುಖ ಇದು. ಲ್ಯಾಪ್‌ಟಾಪು, ಚಾರ್ಜರು, ಊಟದ ಡಬ್ಬಿ, ಒಂದು ಜೊತೆ ಬಟ್ಟೆ ಅಂದ್ರೆ ಐದಾರು ಕಿಲೋ. ಅದನ್ನ ಬೆನ್ನ ಮೇಲೆ ಹೊತ್ತು ಬಾಗಿ ಕೂತು ಹತ್ತು ಕಿಲೋಮೀಟರ್ ತುಳಿದ್ರೆ ಅಂಗಿ ಬೆನ್ನಿಗೆ ಅಂಟಿ, ಭುಜ ಹಿಡಿದು, ಕತ್ತು ಸೆಟೆದು... ಮಾರ್ಚಿ ಏಪ್ರಿಲ್‌ನಲ್ಲಂತೂ ಕೇಳಬೇಡಿ. ಬೆವರಿಗೆ ಬೈದುಕೊಂಡು ಸೈಕಲ್ ಬಿಡೋರಲ್ಲಿ ಅರ್ಧ ಜನ ಬೈಬೇಕಾಗಿದ್ದು ಬೆನ್ನ ಮೇಲಿನ ಬ್ಯಾಗಿಗೆ. ಭಾರ ಸೈಕಲ್ ಹೊರಲಿ, ಅದಕ್ಕೇ ಚಕ್ರ ಇರೋದು.

ಕ್ಯಾರಿಯರ್ ಕಾಲಿಗೂ ಮಡ್‌ಗಾರ್ಡಿನ ಕಂಬಿಗೂ ಒಂದೇ ಕಿವಿ ಇದ್ದರೆ ಉದ್ದ ಬೋಲ್ಟು ಹಾಕಿ, ಫ್ರೇಮಿಗೆ ತಾಗಿಕೊಂಡು ಕ್ಯಾರಿಯರ್ ಕಾಲು, ಅದರ ಹೊರಗೆ ಮಡ್‌ಗಾರ್ಡಿನ ಕಂಬಿ. ಭಾರ ಹೊರೋದು ಒಳಗಿರಬೇಕು, ಬೋಲ್ಟು ಮುರಿಯೋದು ತಪ್ಪುತ್ತೆ. ಬಲಗಡೆ, ಅಂದ್ರೆ ಚೈನಿನ ಕಡೆ, ಬೋಲ್ಟಿನ ತುದಿ ಒಳಗೆ ಇಣುಕಬಾರದು. ಚೈನು ಅತಿ ಸಣ್ಣ ಹಲ್ಲಿನ ಮೇಲೆ ಬಂದಾಗ ಆ ತುದಿಗೆ ಉಜ್ಜುತ್ತೆ. ಹಾಕಿದ ಮೇಲೆ ಆ ಗೇರಿಗೆ ತಂದು ಪೆಡಲ್ ತಿರುಗಿಸಿ ನೋಡಿ. ಮೇಲಿನ ಕಿವಿ ಇಲ್ಲದಿದ್ರೆ ಸೀಟಿನ ಕೊಳವೆಗೆ ಹಾಕೋ ಎರಡು ತೂತಿನ ಕ್ಲಾಂಪು ಸಿಗುತ್ತೆ. ಕೆಳಗೂ ಇಲ್ಲದಿದ್ರೆ ಆಕ್ಸೆಲ್ಲಿಗೇ ಕೂರೋ ಕ್ಯಾರಿಯರ್ರೂ ಇದೆ. ಸೀಟಿನ ಕಂಬಕ್ಕೆ ಮಾತ್ರ ಜೋತುಬೀಳೋ ಕ್ಯಾರಿಯರ್ ಇದೆಯಲ್ಲ, ಅದರ ತಾಕತ್ತು ಹತ್ತು ಕಿಲೋ ಒಳಗೆ. ಊಟದ ಡಬ್ಬಿಗೆ ಸರಿ. ಕಾರ್ಬನ್ ಕಂಬಕ್ಕೆ ಅದೂ ಬೇಡ.

ಕ್ಯಾರಿಯರ್ ಮೇಲೆ 25 ಕಿಲೋ ಅಂತ ಬರೆದಿರುತ್ತೆ. ಬರೆದಿದೆ ಅಂತ ಹೇರಬೇಡಿ. ಕ್ಯಾರಿಯರ್ ತಡೆದ್ರೂ ರೋಡ್ ಬೈಕಿನ 20-24 ಕಡ್ಡಿಯ ಹಿಂದಿನ ಚಕ್ರ ನಮ್ಮ ಗುಂಡಿಗಳಲ್ಲಿ ತಡೆಯಲ್ಲ. ಹಳೇ ಸೈಕಲ್ಲಿನ 40 ಕಡ್ಡಿಯ ಲೆಕ್ಕ ಇಲ್ಲಿ ಬರುತ್ತೆ ನೋಡಿ. ಎಂಟು ಹತ್ತು ಕಿಲೋಗೆ ನಿಲ್ಲಿಸಿ, ಫ್ರೇಮು ಒಪ್ಪಿದ್ರೆ 28ರ ಟೈರು ಹಾಕಿಸಿ. ಡಬಲ್ಸ್ ಹೊಡೆಯೋ ಆಸೆ ಇದ್ದರೆ ಅಪ್ಪನ ಅಟ್ಲಾಸನ್ನೇ ರಿಪೇರಿ ಮಾಡಿಸಿ. (ಅಟ್ಲಾಸಿನವರ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು ಮುಚ್ಚಿತು. ಅವತ್ತು ವಿಶ್ವ ಸೈಕಲ್ ದಿನ!)

ಪಕ್ಕಕ್ಕೆ ನೇತುಹಾಕೋ ಬ್ಯಾಗಾದರೆ ಹಿಮ್ಮಡಿ ತಾಗುತ್ತೆ. ರೇಸ್ ಬೈಕಿನಲ್ಲಿ ಪೆಡಲಿನ ನಡುವಿನಿಂದ ಹಿಂದಿನ ಆಕ್ಸೆಲ್ಲಿಗೆ 41 ಸೆಂಟಿಮೀಟರ್ ಆಸುಪಾಸು, ದೂರಪ್ರಯಾಣದ ಸೈಕಲ್ಲಿನಲ್ಲಿ 44-46. ಆ ಮೂರ್ನಾಲ್ಕು ಸೆಂಟಿಮೀಟರ್ರೇ ನಿಮ್ಮ ಹಿಮ್ಮಡಿ. ಸಣ್ಣ ಬ್ಯಾಗು ತಗೊಂಡು, ಕೊಕ್ಕೆಯನ್ನ ಹಿಂದಕ್ಕೆ ಸರಿಸಿ, ಓರೆಯಾಗಿ ನೇತುಹಾಕಿದ್ರೆ ಸರಿಹೋಗುತ್ತೆ. ಸೀಟಿನ ಕೆಳಗಿದ್ದ ಕೆಂಪು ದೀಪ ಬ್ಯಾಗಿಗೆ ಮರೆಯಾಗುತ್ತೆ, ಅದನ್ನ ಕ್ಯಾರಿಯರ್ ಹಿಂಬದಿಗೆ ವರ್ಗಾಯಿಸೋದು ಮರೀಬೇಡಿ.

ಸದ್ದು ಮಾಡುತ್ತೆ ಅನ್ನೋದು ಎಲ್ಲರ ದೂರು. ಬೋಲ್ಟು ಸಡಿಲ ಆದ್ರೆ ಸದ್ದು. ಒಳಗೆ ನೈಲಾನ್ ಬಳೆ ಇರೋ ನಟ್ಟು ಹಾಕಿ, ತೂತಿಗೇ ತಿರುಗಿಸೋ ಬೋಲ್ಟಿಗೆ ನೀಲಿ ಬಣ್ಣದ ದಾರ ಹಿಡಿಯೋ ಅಂಟು ಒಂದು ಹನಿ ಬಿಡಿ. ಮಡ್‌ಗಾರ್ಡು ಕ್ಯಾರಿಯರಿಗೆ ತಾಗೋ ಕಡೆ ಹಳೇ ಟ್ಯೂಬಿನ ಒಂದು ತುಂಡು ಇಟ್ಟು ಕಟ್ಟಿ. ಮೊದಲ ಐವತ್ತು ಕಿಲೋಮೀಟರ್ ಆದಮೇಲೆ ಎಲ್ಲಾ ಇನ್ನೊಂದು ಸಲ ಬಿಗಿ ಮಾಡಿ. ಅಷ್ಟಾದ ಮೇಲೂ ಗಲಗಲ ಅಂದ್ರೆ ಅದು ಬಿಬಿಎಂಪಿ ಕಾಲದ ರಸ್ತೆಯ ಸದ್ದು, ನನ್ನನ್ನ ಕೇಳಬೇಡಿ.

ತೂಕದ ಮಾತು ಬರುತ್ತೆ. ಎರಡು ಮಡ್‌ಗಾರ್ಡು ಅರ್ಧ ಕಿಲೋ ಚಿಲ್ಲರೆ, ಅಲ್ಯೂಮಿನಿಯಂ ಕ್ಯಾರಿಯರ್ ಮುಕ್ಕಾಲು ಕಿಲೋ. ಎರಡು ದೊಡ್ಡ ಬಾಟಲಿ ತುಂಬಿಸಿದ್ರೆ ಒಂದೂವರೆ ಕಿಲೋ ನೀರು, ಅದನ್ನ ಯಾರೂ ಲೆಕ್ಕ ಹಾಕಲ್ಲ. ಮಸಾಲೆ ದೋಸೆ ತಿನ್ನೋಕೆ ಅಂತಲೇ ಬೆಳಗ್ಗೆ ಐದಕ್ಕೆ ಎದ್ದು ನಂದಿಬೆಟ್ಟದ ಕಡೆ ತುಳಿಯೋ ನಾವು ಸೈಕಲ್ಲಿನ ಗ್ರಾಂ ಲೆಕ್ಕ ಮಾತಾಡಬಾರದು ;-)

ಅಂದದ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ನನಗೆ ಚಕ್ರದ ಮೇಲೆ ಸರಿಯಾಗಿ ಕೂತ ಕಪ್ಪು ಮಡ್‌ಗಾರ್ಡು ಚೆಂದವೇ ಕಾಣುತ್ತೆ, ಹಣೆಗೆ ಕುಂಕುಮ ಇಟ್ಟ ಹಾಗೆ. ನಿಮಗೆ ಕಾಣದಿದ್ರೆ ಡಿಸೆಂಬರ್‌ನಲ್ಲಿ ಬಿಚ್ಚಿಡಿ, ಏಪ್ರಿಲ್ ಕೊನೆಗೆ ಹಾಕಿ. ನಾಲ್ಕಾರು ಬೋಲ್ಟು ಅಷ್ಟೇ. ಆದ್ರೆ ಹೊಸ ಸೈಕಲ್ ಕೊಳ್ಳೋರು ಮಾತ್ರ ಅಂಗಡಿಯಲ್ಲಿ ಎಷ್ಟು ಗೇರು ಅಂತ ಕೇಳೋ ಮೊದಲು ಬಗ್ಗಿ ಆ ಕಿವಿ ಇದೆಯಾ ನೋಡಿ. ಇಲ್ಲ ಅಂದ್ರೆ "ಇದು ಆಫೀಸಿಗೆ ಆಗಲ್ಲ" ಅಂತ ಗಟ್ಟಿಯಾಗಿ ಹೇಳಿ ಮುಂದಿನದನ್ನ ಕೇಳಿ. ಹತ್ತು ಜನ ಹೀಗೆ ಹೇಳಿದ್ರೆ ಆ ಹುಡುಗ ಮಾಲೀಕನಿಗೆ ಹೇಳ್ತಾನೆ, ಮಾಲೀಕ ಡೀಲರಿಗೆ ಹೇಳ್ತಾನೆ. ನಿಧಾನಕ್ಕೆ ಆದ್ರೂ ಆಗುತ್ತೆ.

ಕೊನೆಯದಾಗಿ ಒಂದು ಕೆಲಸ ಬಾಕಿ. ಮಾರುಕಟ್ಟೆಯ ಮಡ್‌ಗಾರ್ಡುಗಳೆಲ್ಲ ಕೆಳಗೆ ಗಿಡ್ಡ. ಹಳೇ ಸೈಕಲ್ಲಿನಲ್ಲಿ ಹೀರೋ ಚಿತ್ರನೋ, ದೇವರ ಹೆಸರೋ ಇರೋ ರಬ್ಬರ್ ಫ್ಲ್ಯಾಪು ನೇತಾಡ್ತಿತ್ತಲ್ಲ, ಅದು ಬರೀ ಶೋಕಿಗಲ್ಲ. ಮುಂದಿನದಕ್ಕೆ ನೆಲದಿಂದ ಒಂದು ಗೇಣಿಗಿಂತ ಕೆಳಗೆ ಬರೋ ಹಾಗೆ ಕಟ್ಟಿದ್ರೆ ಶೂ, ಚೈನು ಎರಡೂ ಒಣ. ಹಿಂದಿನದಕ್ಕೆ ಕಟ್ಟೋದು ನಿಮಗಾಗಿ ಅಲ್ಲ, ನಿಮ್ಮ ಹಿಂದೆ ತುಳೀತಾ ಬರೋರಿಗಾಗಿ, ಅವರ ಬಾಯಿ ನಿಮ್ಮ ಚಕ್ರದ ನೇರಕ್ಕೇ ಇರುತ್ತೆ. ಗಟ್ಟಿ ಪ್ಲಾಸ್ಟಿಕ್ ಬೇಡ, ಹಂಪ್ ಹತ್ತುವಾಗ ಮುರಿಯುತ್ತೆ. ಸ್ಕೂಟರ್ ಪಂಕ್ಚರ್ ಅಂಗಡಿಯಲ್ಲಿ ಹಾಳಾದ ಟ್ಯೂಬು ಕೇಳಿದ್ರೆ ಸುಮ್ಮನೇ ಕೊಡ್ತಾರೆ. ಕತ್ತರಿಯಲ್ಲಿ ತಮಟೆ ಆಕಾರಕ್ಕೆ ಕತ್ತರಿಸಿ, ಎರಡು ತೂತು ಹೊಡೆದು, ಸಣ್ಣ ಬೋಲ್ಟಿಗೆ ಅಗಲ ವಾಷರ್ ಹಾಕಿ ಕೂರಿಸಿ. ಹೀರೋ ಚಿತ್ರ ಬೇಕೋ ಬೇಡವೋ ನಿಮಗೆ ಬಿಟ್ಟಿದ್ದು. ನಂದರಲ್ಲಿ ಅಣ್ಣಾವ್ರು ಇದ್ದಾರೆ.